ಜಂಟಿ ಖಾತೆ

ಬಾಸ್ಟನ್ ಅಂದರೆ ಅಮೆರಿಕದ್ದಲ್ಲ, ಇದು ಲಿಂಕನ್‌ಶೈರಿನದು,
ಹೆಸರನ್ನು ಕಡಲಾಚೆಗೆ ಕೊಟ್ಟು
ತಾನು ಕೋಸು ಬೆಳೆದುಕೊಂಡು ಕೂತ ಊರು.
ನೆಲ ಎಷ್ಟು ಚಪ್ಪಟೆ ಎಂದರೆ
ಚರ್ಚಿನ ಗೋಪುರ ಹತ್ತು ಮೈಲಿಯಿಂದಲೇ ಕಂಡು
ಇನ್ನೇನು ಬಂತು ಅನಿಸುತ್ತದೆ, ಬರುವುದೇ ಇಲ್ಲ.

ಇಲ್ಲಿನ ಶಾಲೆಯಲ್ಲಿ ನಾನು ಸಹಾಯಕಿ.
ಮೊದಲು ಪೆನ್ಸಿಲ್ ಹೆರೆಯುತ್ತಿದ್ದೆ, ಮೂಗು ಒರೆಸುತ್ತಿದ್ದೆ,
ಈಗ ಬೆಳಿಗ್ಗೆದ್ದು ಮೂವತ್ತು ಟ್ಯಾಬ್ಲೆಟ್ಟುಗಳ ಚಾರ್ಜು ನೋಡುತ್ತೇನೆ.
ಮೂವತ್ತು ಮಕ್ಕಳು, ಮೂವತ್ತು ಹೆಡ್‌ಫೋನು,
ಒಬ್ಬೊಬ್ಬರಿಗೂ ಅವರವರದೇ ದಾರಿ.
ಒಬ್ಬನ ತಪ್ಪು ಪಕ್ಕದವನಿಗೆ ಕೇಳಿಸುವುದಿಲ್ಲ.
ಒಳ್ಳೆಯದೇ ಅಲ್ಲವೆ, ಅಂದರು ಮಿಸೆಸ್ ಥರ್ಲ್‌ಬಿ,
ಯಾರೂ ಯಾರನ್ನೂ ನೋಡಿ ನಗುವಂತಿಲ್ಲ.
ತೊದಲುವ ಕಾನರನಿಗೆ ಇದರಿಂದ ಜೀವ ಬಂದಿದೆ,
ಸುಳ್ಳು ಹೇಳಬಾರದು.

ಆದರೂ ನನಗೆ ನಮ್ಮ ಮಗ್ಗಿ ನೆನಪಾಗುತ್ತದೆ.
ಹದಿಮೂರ್ ಏಳ್ಲೆ ಬಂದಾಗ ಇಡೀ ತರಗತಿ ದನಿ ತಗ್ಗಿಸಿ
ಏನೋ ಗೊಣಗಿ ದಾಟಿಕೊಂಡು
ಹದಿಮೂರ್ ಹತ್ಲೆಗೆ ಸೂರು ಹಾರುವಂತೆ ಕೂಗುತ್ತಿತ್ತು: ನೂರಾಮೂವತ್ತು!
ಆ ಗೊಣಗಿನೊಳಗೆ ನಲವತ್ತು ಜನ
ಬಚ್ಚಿಟ್ಟುಕೊಳ್ಳಬಹುದಿತ್ತು.

ಉಗ್ನೆಗೆ ಒಂಬತ್ತು ವರ್ಷ. ಲಿಥುವೇನಿಯಾದವರು,
ಇವಳು ಹುಟ್ಟಿದ್ದು ಮಾತ್ರ ಇಲ್ಲೇ.
ಅವಳ ಮೇಲೆ ಯಂತ್ರ ಬರೆದ ವರದಿ ನಾಲ್ಕು ಪುಟ.
ಲೆಕ್ಕದಲ್ಲಿ ಚುರುಕು.
ಹಗಲು ಕಾಗುಣಿತ ಸರಿ, ರಾತ್ರಿ ಹನ್ನೊಂದರ ಮೇಲೆ ಬಹುಪಾಲು ತಪ್ಪು.
ತಾನಾಗಿ ಹುಡುಕಿದ ಪದಗಳು: ಬಾಡಿಗೆ, ಪಾಳಿ, ಸೊಂಟನೋವು, ಮೇಲ್ವಿಚಾರಕ.
ವಯಸ್ಸಿಗೆ ಮೀರಿದ ಆಸಕ್ತಿ. ನಿದ್ದೆಗೇಡು. ಗಮನ ಅಸ್ಥಿರ.
ಶಿಫಾರಸು: ಕೆಳಗಿನ ಹಂತ.

ವರದಿ ಹಿಡಿದು ಮನೆಗೇ ಹೋದೆ.
ಬಾಗಿಲು ತೆಗೆದ ಹೆಂಗಸಿನ ಬೆರಳ ತುದಿಗಳು ಬಿರಿದಿದ್ದವು,
ಕೋಸಿನ ಶೆಡ್ಡಿನಿಂದ ಆಗತಾನೆ ಬಂದವಳು, ಬೂಟು ಬಿಚ್ಚಿರಲಿಲ್ಲ.
ನಾನು ಬಾಯಿ ತೆರೆಯುವ ಮುಂಚೆ ಮಗಳೇ ಅಡ್ಡ ನಿಂತಳು:
ಅಮ್ಮನಿಗೆ ಬೈಬೇಡಿ, ಮಿಸ್.
ನಾನು ಮಲಗಿದ ಮೇಲೆ ಅವಳು ನಾನಾಗುತ್ತಾಳೆ.

ಅರ್ಧ ಮಗಳು, ಅರ್ಧ ತಾಯಿ.
ಅಂಥ ಒಬ್ಬಳನ್ನು ಯಂತ್ರ ಒಂದೂವರೆ ವರ್ಷದಿಂದ
ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಸುತ್ತಳತೆ ತೆಗೆದು,
ಅವಳಿಗೆಂದೇ ಪಾಠ ಹೊಲಿದಿದೆ.
ಅಳತೆಯಲ್ಲಿ ನೂಲಿನಷ್ಟೂ ತಪ್ಪಿಲ್ಲ.
ಅಂಥ ಹುಡುಗಿ ಇಲ್ಲ, ಅಷ್ಟೆ.

ಹೇಳಿದರೆ ತಾಯಿಯ ಶಾಲೆ ಮುಚ್ಚುತ್ತದೆ:
ಒಂದು ಖಾತೆಗೆ ಒಂದೇ ಮಗು, ಸಹಿ ಹಾಕಿದ್ದಾರೆ, ನಿಯಮ ಹನ್ನೆರಡು.
ಹೇಳದಿದ್ದರೆ ಈ ನಾಲ್ಕು ಪುಟ
ದೊಡ್ಡ ಶಾಲೆಗೂ ಇವಳ ಹಿಂದೆ ಹೋಗುತ್ತದೆ, ಜಾತಕದ ಹಾಗೆ,
ಯಾವ ಮನೆಯಲ್ಲಿ ಯಾವ ಗ್ರಹ ಎಂದು ಕೇಳುವ ಗೋಜೇ ಇಲ್ಲದೆ.

ಕಾರಣ ಆರಿಸಿ, ಅಂತು ಪರದೆ.
ಕಾಯಿಲೆ. ರಜೆ. ಮನೆಯಲ್ಲಿ ಸಾವು. ತಾಂತ್ರಿಕ ದೋಷ.
ಬಹಳ ಹೊತ್ತು ಕೂತಿದ್ದೆ.
ಕೊನೆಗೆ ದೋಷವನ್ನು ಯಂತ್ರದ ತಲೆಗೇ ಕಟ್ಟಿದೆ.
ಸುಳ್ಳೋ ನಿಜವೋ, ಈಗಲೂ ತಿಳಿಯದು.

ರಾತ್ರಿ ಹನ್ನೊಂದೂ ಇಪ್ಪತ್ತು. ನನ್ನ ಫೋನಿನಲ್ಲಿ
ಉಗ್ನೆಯ ಹೆಸರಿನ ಪಕ್ಕ ಹಸಿರು ಚುಕ್ಕೆ.
ನೋಡಬಾರದು. ನೋಡಿದೆ.
ಮೊಣಕಾಲಿನ ಚಿತ್ರ ತೋರಿಸಿ, ಹೆಸರು ಬರೆ, ಅನ್ನುತ್ತಿದೆ ಯಂತ್ರ.
ಇಂಗ್ಲಿಷಿನ ಆ ಪದದ ಹೊಸಿಲಲ್ಲೇ ಒಂದು ಅಕ್ಷರ ನಿಂತಿರುತ್ತದೆ,
ಬರೆಸಿಕೊಳ್ಳುತ್ತದೆ, ಉಸಿರೆತ್ತುವುದಿಲ್ಲ.
ಅಂದಂತೆ ಬರೆಯುವ ಭಾಷೆಯಿಂದ ಬಂದ ನನಗೂ
ಅದು ಬಹಳ ದಿನ ಮುಖ ಕೊಟ್ಟಿರಲಿಲ್ಲ.

ಏಳು ಸೆಕೆಂಡು. ಒಂಬತ್ತು. ಹದಿನಾಲ್ಕು.
ಆ ಅಕ್ಷರ ಬಿಟ್ಟು ಬರೆದಳು.
ಕೆಂಪು ಗೀಟು.
ಮತ್ತೆ, ಇನ್ನಷ್ಟು ನಿಧಾನವಾಗಿ,
ಬಿಟ್ಟೇ ಬರೆದಳು.